ಸ್ಟವ್ ಮಾಮನ ಕಡಲಾಚೆ ಕಮಿಷನ್

ಕಮಿಷನ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಸ್ಟವ್ ಮಾಮನ ಮುಖ ಸೀಮೆಎಣ್ಣೆ ಬಾಯಿಗೆ ಹೋದವನ ಹಾಗೆ ಆಗುತ್ತದೆ. ಸೀಮೆಎಣ್ಣೆಯ ರುಚಿಯನ್ನು ಅವನಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ರಬ್ಬರ್ ಕೊಳವೆಗೆ ಬಾಯಿ ಹಚ್ಚಿ ಎಳೆದು, ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಎಣ್ಣೆ ಬಸಿಯುತ್ತಾ ನಲವತ್ತು ವರ್ಷ ಹೊಟ್ಟೆ ಹೊರೆದವನು. ಅಂಥವನಿಗೆ ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಕಡಲಾಚೆಯಿಂದ ಕಮಿಷನ್ ಬರತೊಡಗಿತು. ಕಳಿಸುವವರು ಎಲ್ಲಿ ಮೋಸ ಮಾಡುತ್ತಾರೋ ಎಂದು ಅವನು ತಿಂಗಳುಗಟ್ಟಲೆ ಹೆದರಿ ಕೂತಿದ್ದ. ಕೊನೆಗೆ ಅವರೇ ಅವನನ್ನು ಮೋಸಗಾರ ಎಂದು ಕರೆದರು. ಅದು ಹೇಗಾಯಿತು ಎಂದು ಹೇಳಬೇಕಾದರೆ ಸ್ಟವ್‌ಗಳ ಕಾಲಕ್ಕೆ ಒಮ್ಮೆ ಹೋಗಿ ಬರಬೇಕು.

ಆಗ ಆ ಬೀದಿಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಹಕ್ಕಿಗಳಿಗಿಂತ ಮೊದಲು ಸ್ಟವ್‌ಗಳು ಏಳುತ್ತಿದ್ದವು. ಮೊದಲು ಪಂಪಿನ ಚಕ್ ಚಕ್, ಆಮೇಲೆ ಒಂದು ಭುಸ್, ಆಮೇಲೆ ಭರ್ರೋ ಎಂಬ ಮೊರೆತ. ಗೋಡೆಗೆ ಗೋಡೆ ಅಂಟಿದ ಅರವತ್ತು ಮನೆಗಳು, ಅರವತ್ತು ಹಿತ್ತಾಳೆ ಸ್ಟವ್‌ಗಳು. ಮಾಮ ಚಾಪೆಯ ಮೇಲೆ ಮಲಗಿದ್ದಲ್ಲೇ ಕಿವಿಗೊಟ್ಟು ಅವತ್ತಿನ ಕೆಲಸ ಗೊತ್ತುಮಾಡಿಕೊಳ್ಳುತ್ತಿದ್ದ.

"ದರ್ಜಿ ಮನೇದು ಕೆಮ್ತಾ ಇದೆ, ನಿಪ್ಪಲ್‌ನಲ್ಲಿ ಕಸ. ಟೀಚರಮ್ಮನ ಮನೇದು ಬಿಕ್ಕಳಿಸ್ತಾ ಇದೆ, ವಾಷರ್ ಒಣಗಿದೆ."

"ನಮ್ಮನೇದು ಮೂರು ದಿನದಿಂದ ಉಸಿರೇ ಬಿಡ್ತಿಲ್ಲ. ಅದೊಂದು ಕೇಳಿಸಲ್ವಾ ನಿಮ್ಮ ಕಿವಿಗೆ?" ಎಂದು ಪಕ್ಕದಿಂದ ಹೆಂಡತಿ ತಿವಿಯುತ್ತಿದ್ದಳು.

ಪಂಪ್ ಸ್ಟವ್ ಕಾಣದೆ ಬೆಳೆದ ಮಕ್ಕಳು ಈಗ ತಾವೇ ಮಕ್ಕಳನ್ನು ಹೆತ್ತಿದ್ದಾರೆ, ಆದ್ದರಿಂದ ಅದರ ಬಗ್ಗೆ ಎರಡು ಮಾತು ಹೇಳಿಬಿಡಬೇಕು. ಕೆಳಗೆ ಕುಂಬಳಕಾಯಿಯ ಆಕಾರದ ಹಿತ್ತಾಳೆ ಟ್ಯಾಂಕು. ಅದರ ಪಕ್ಕೆಯಲ್ಲಿ ಪಂಪು. ಪಂಪಿನ ತುದಿಗೆ ಬಟ್ಟಲಿನಂಥ ಪುಟ್ಟ ಚರ್ಮದ ವಾಷರ್. ಗಾಳಿ ಒತ್ತಿದರೆ ಎಣ್ಣೆ ಮೇಲೇರಿ, ಕಾದ ಬರ್ನರಿನಲ್ಲಿ ಆವಿಯಾಗಿ, ನಿಪ್ಪಲ್ ಎಂಬ ಗುಂಡಿಯ ಸಣ್ಣ ತೂತಿನಿಂದ ಚಿಮ್ಮಿ ನೀಲಿಯಾಗಿ ಉರಿಯುತ್ತದೆ. ಇಡೀ ಸ್ಟವ್‌ನ ಮಾನ ಮರ್ಯಾದೆ ಇರುವುದು ಆ ತೂತಿನಲ್ಲಿ. ಕಸ ಕೂತರೆ ಸ್ಟವ್ ಸಾಯುತ್ತದೆ, ತೂತು ಹಿಗ್ಗಿದರೆ ಹಳದಿ ಬೆಂಕಿ ಮೊಳಕೈಯೆತ್ತರ ಎದ್ದು ಎದುರಿಗಿದ್ದವಳ ಹುಬ್ಬು ಸುಡುತ್ತದೆ. ಕಸ ತೆಗೆಯಲು ತಗಡಿನ ಪಟ್ಟಿಯ ತುದಿಗೆ ಎಳೆಯಂಥ ತಂತಿ ಸಿಕ್ಕಿಸಿದ ಪಿನ್ ಬರುತ್ತಿತ್ತು. ಅವಸರದವರು ಆ ಪಿನ್ನನ್ನು ಎಡಕ್ಕೆ ಬಲಕ್ಕೆ ತಿರುಚಿ ತೂತನ್ನು ಹಿಗ್ಗಿಸಿಡುತ್ತಿದ್ದರು.

ಹಿಗ್ಗಿದೆಯೋ ಇಲ್ಲವೋ ಎಂದು ನೋಡುವುದಕ್ಕೆ ಮಾಮನದೇ ಒಂದು ಅಳತೆ ಇತ್ತು. ಹೆಂಡತಿಯ ಕೂದಲು. ಅವಳು ತಲೆ ಬಾಚಿಕೊಂಡ ಮೇಲೆ ಬಾಚಣಿಗೆಗೆ ಸಿಕ್ಕ ಎಳೆಗಳನ್ನು ಬಿಡಿಸಿ, ನಾಲ್ಕನ್ನು ಸೇರಿಸಿ, ತುದಿಗೆ ಮೇಣ ಸವರಿ ಹೊಸೆಯುತ್ತಿದ್ದ. ನಾಲ್ಕೆಳೆ ತೂತಿನಲ್ಲಿ ಬಿಗಿಯಾಗಿ ಹೋಗಬೇಕು, ಐದೆಳೆ ಹೋಗಲೇಬಾರದು. ಹೋಯಿತೋ, ಆ ನಿಪ್ಪಲ್ ಗುಜರಿಗೆ. ಹೊಸೆದ ಕೂದಲನ್ನು ಸಿಗರೇಟು ಪೊಟ್ಟಣದ ಬೆಳ್ಳಿ ಕಾಗದದಲ್ಲಿ ಸುತ್ತಿ ತಗಡಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದ. "ಊರಿನ ಅಡುಗೆಯೆಲ್ಲ ನನ್ನ ತಲೆ ಮೇಲೆ ನಡೀತಾ ಇದೆ" ಎಂದು ಅವಳು ನೀರಿನ ನಲ್ಲಿಯ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದಳು.

ಸ್ಟವ್ ಸರಿಯಾದರೆ ಅದರ ತಳಕ್ಕೆ ಮೊಳೆಯಿಂದ ಮೂರು ಚುಕ್ಕೆ ಕುಟ್ಟುತ್ತಿದ್ದ. ಇದಕ್ಕೆ ನಾನು ಜವಾಬ್ದಾರ ಎಂಬುದು ಅದರ ಅರ್ಥ. ಅಂಗಡಿಯಲ್ಲಿ ದುಡ್ಡು ಮುಟ್ಟುತ್ತಿರಲಿಲ್ಲ. ಸ್ಟವ್ ಜೊತೆ ತಾನೇ ಗಿರಾಕಿಯ ಮನೆಗೆ ಹೋಗಿ, ಅವರದೇ ಅಡುಗೆಮನೆಯಲ್ಲಿ ಅವರದೇ ಪಾತ್ರೆಯಲ್ಲಿ ನೀರಿಟ್ಟು, ಅದು ಕೊತಕೊತ ಕುದ್ದ ಮೇಲೆಯೇ ಕೈ ಚಾಚುತ್ತಿದ್ದ.

ಪೇಟೆಯಲ್ಲಿ ಬಿಡಿಭಾಗ ಮಾರುವ ಹಿತ್ತಾಳೆ ಅಂಗಡಿ ಒಂದೇ ಇತ್ತು. ಅದರ ಯಜಮಾನ ಚರ್ಮದ ವಾಷರ್ ಜಾಗದಲ್ಲಿ ಹಳೆ ಬ್ಯಾಗಿನ ರೆಕ್ಸಿನ್ ಕತ್ತರಿಸಿ ಮಾರಲು ಶುರುಮಾಡಿದ. ನೋಡಲು ಥಳಥಳ, ಹದಿನೈದು ದಿನಕ್ಕೆ ಹಪ್ಪಳ. ಗಿರಾಕಿಯನ್ನು ಕಳಿಸಿದ ರಿಪೇರಿಯವನಿಗೆ ಹತ್ತಕ್ಕೆ ಎರಡು ಕಮಿಷನ್.

"ನಿನ್ನ ಗಂಟೇನು ಹೋಗುತ್ತೋ? ಕೊಡೋನು ಗಿರಾಕಿ" ಎಂದ ಯಜಮಾನ.

"ಅವನು ಕೊಡ್ತಾನಲ್ಲ ಸ್ವಾಮಿ, ಅದೇ ಹೊಟ್ಟೆಯುರಿ" ಎಂದ ಮಾಮ. ಅವತ್ತಿನಿಂದ ಚಪ್ಪಲಿ ಹೊಲಿಯುವವನ ಹತ್ತಿರ ಒಳ್ಳೆಯ ತೊಗಲಿನ ಚೂರು ತಂದು, ತಾನೇ ವಾಷರ್ ಕತ್ತರಿಸಿಕೊಳ್ಳುತ್ತಿದ್ದ. ಬೇರೆ ಮೂವರು ರಿಪೇರಿಯವರು ಕಮಿಷನ್ ತಿಂದು ಮಾಳಿಗೆ ಹಾಕಿಸಿದರು. ಮಾಮನ ಮನೆಯ ಹೆಂಚು ಹಾಗೇ ಸೋರುತ್ತಿತ್ತು.

ಸೀಮೆಎಣ್ಣೆಯ ಬೆಲೆ ಏರಿ, ಅದರ ಮೇಲೆ ನೀರನ್ನೂ ಬೆರೆಸಿ ಕೊಟ್ಟ ವರ್ಷ ಆ ಬೀದಿಯ ಹೆಂಗಸರು ಬೀದಿಗಿಳಿದರು. ಭಾಷಣ ಮಾಡಿದರೆ ರೇಷನ್ ಅಧಿಕಾರಿ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾನೆ ಎಂದು ಅರವತ್ತೂ ಮನೆಯ ಖಾಲಿ ಸ್ಟವ್ ಹೊತ್ತು ತಂದು ಕಚೇರಿ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟು, ಕುಕ್ಕರಗಾಲಲ್ಲಿ ಕೂತು ಒಟ್ಟಿಗೇ ಪಂಪ್ ಹೊಡೆದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಚಕ್ ಚಕ್ ಚಕ್ ಚಕ್. ಒಳಗಿದ್ದವರಿಗೆ ತಲೆ ಚಿಟ್ಟು ಹಿಡಿಯಿತು, ಫೋನು ಕೇಳಿಸಲಿಲ್ಲ, ಸಾಹೇಬ ಹಿಂಬಾಗಿಲಿನಿಂದ ಓಡಿದ. ಮೆರವಣಿಗೆಗೆ ಮುಂಚೆ ಎರಡು ದಿನ ಕೂತು ಅಷ್ಟೂ ವಾಷರ್‌ಗೆ ಎಣ್ಣೆ ಕುಡಿಸಿ, ಪಂಪ್ ಗಟ್ಟಿಯಾಗಿ ಕೂಗುವ ಹಾಗೆ ಮಾಡಿಕೊಟ್ಟವನು ಮಾಮ. ಬೆಲೆಯೇನೂ ಇಳಿಯಲಿಲ್ಲ. ನೀರು ಬೆರೆಸುವುದು ನಿಂತಿತು.

ಆಮೇಲೆ ಗ್ಯಾಸ್ ಬಂತು. ಒಂದೊಂದೇ ಮನೆಯ ಮೊರೆತ ಅಡಗಿತು. ಗುಜರಿಯವನು ತಕ್ಕಡಿ ಹಿಡಿದು ಬಂದು ಹಿತ್ತಾಳೆಯನ್ನು ತೂಕದ ಮೇಲೆ ಕೊಂಡುಹೋದ. ಮೂರು ಚುಕ್ಕೆಯ ಸ್ಟವ್‌ಗಳು ಗೋಣಿಚೀಲದಲ್ಲಿ ಖಣಖಣ ಎನ್ನುತ್ತಾ ತಿರುವು ದಾಟಿದ್ದನ್ನು ಮಾಮ ಕಟ್ಟೆಯ ಮೇಲೆ ಕೂತು ನೋಡಿದ. ಗ್ಯಾಸ್ ಒಳ್ಳೆಯದೇ. ಹೆಂಗಸರ ಕಣ್ಣು ಉಳಿಯಿತು, ಕೈ ಉಳಿಯಿತು. ಅದನ್ನು ಅವನೂ ಒಪ್ಪುತ್ತಿದ್ದ. ಆದರೂ ಬೆಳಿಗ್ಗೆ ಎಚ್ಚರವಾದಾಗ ಕಿವಿ ತನ್ನಷ್ಟಕ್ಕೆ ಏನನ್ನೋ ಹುಡುಕುತ್ತಿತ್ತು.

ಮಗಳು ಬೀದಿಯ ಮೂಲೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾಳೆ. ಒಂದು ಮೆಷಿನ್ನು, ಒಂದು ಕಂಪ್ಯೂಟರು, ಗಾಜಿನ ಮೇಲೆ ಪಾಸ್‌ಪೋರ್ಟ್ ಫೋಟೋಗಳ ಸಾಲು. ಮಾಮ ಅಲ್ಲಿ ಸ್ಟೂಲಿನ ಮೇಲೆ ಕೂತು ಗಿರಾಕಿಗಳ ಕಾಗದಕ್ಕೆ ಪಿನ್ ಹೊಡೆದುಕೊಡುತ್ತಿದ್ದ. ಒಂದು ದಿನ ಯಾರೋ ಅಜ್ಜಿಯ ಕಾಲದ ಸ್ಟವ್ ತಂದರು. ಅವನು ಬಿಚ್ಚಲು ಕೂತಾಗ ಮಗಳು ಸುಮ್ಮನೆ ಫೋನಿನಲ್ಲಿ ಹಿಡಿದಳು. ಮಾಮ ಕ್ಯಾಮೆರಾಗೂ ಬೈದ: "ಏಯ್, ಪಿನ್ ತಿರುಚಬೇಡ ಅಂದೆನಲ್ಲ! ಚುಚ್ಚು, ತೆಗಿ. ಅಷ್ಟೇ. ಅದೇನು ನಿಮ್ಮಪ್ಪನ ಮನೆ ಬಾವಿ ಅಂದ್ಕೊಂಡ್ಯಾ ತೋಡೋಕೆ?" ಮಗಳು ಕೆಳಗೆ ಇಂಗ್ಲಿಷಿನಲ್ಲಿ ಸಾಲು ಹಾಕಿ ಇಂಟರ್ನೆಟ್ಟಿಗೆ ಬಿಟ್ಟಳು.

ಜಗತ್ತಿನಲ್ಲಿ ಹಳೆ ಸ್ಟವ್ ಹುಚ್ಚಿನವರು ಸಾವಿರಾರು ಜನ ಇದ್ದಾರೆ ಎಂದು ಆಗಲೇ ಗೊತ್ತಾದದ್ದು. ಎಲ್ಲೆಲ್ಲಿಯವರೋ ಬರೆದರು. ಮಗಳು ಒಂದು ಪುಟ ಮಾಡಿ ಮಾಮ ಹೇಳಿದ್ದನ್ನೆಲ್ಲ ಏರಿಸುತ್ತಾ ಹೋದಳು. ಆರು ತಿಂಗಳಿಗೆ ಕಡಲಾಚೆಯ ಒಂದು ಬಿಡಿಭಾಗದ ಅಂಗಡಿಯಿಂದ ಪತ್ರ ಬಂತು. ನಿಮ್ಮ ಪುಟದಲ್ಲಿ ನಮ್ಮ ವಾಷರ್, ಪಿನ್‌ಗಳ ಲಿಂಕ್ ಹಾಕಿ. ಅದನ್ನು ಒತ್ತಿ ಬಂದು ಯಾರು ಏನು ಕೊಂಡರೂ ನೂರಕ್ಕೆ ಎಂಟರಂತೆ ನಿಮಗೆ ಕಮಿಷನ್.

ಮಾಮನ ಮುಖ ಸೀಮೆಎಣ್ಣೆ ಕುಡಿದಂತಾಯಿತು. "ಬೇಡ ಅಂತ ಬರಿ."

"ಅಪ್ಪಾ, ಕೊಳ್ಳೋರಿಗೆ ಬೆಲೆ ಒಂದೇ. ಲಿಂಕಿಂದ ಹೋದ್ರೂ ಅಷ್ಟೇ, ನೇರ ಹೋದ್ರೂ ಅಷ್ಟೇ. ಇಲ್ಲಿ ನೋಡು." ಮಗಳು ಎರಡನ್ನೂ ತೆರೆದು ತೋರಿಸಿದಳು.

"ಹಾಗಾದ್ರೆ ಅವರಿಗೇನು ಲಾಭ?"

"ನಿನ್ನ ಮಾತು ನಂಬಿ ಗಿರಾಕಿ ಬರ್ತಾರಲ್ಲ."

ಆ ಉತ್ತರ ಮಾಮನಿಗೆ ಇಷ್ಟವೂ ಆಯಿತು, ಭಯವೂ ಆಯಿತು. ಹೆಂಚು ಇನ್ನೂ ಸೋರುತ್ತಿದ್ದುದರಿಂದ ಹೂಂ ಎಂದ.

ವಿಷಯ ಬೀದಿಗೆ ಬಿದ್ದದ್ದೇ ತಡ, ಪೋಸ್ಟಣ್ಣ ಓಡಿ ಬಂದ. ಅವನು ಪೋಸ್ಟ್‌ಮ್ಯಾನ್ ಆಗಿ ನಿವೃತ್ತನಾದವನು, ಮಾಮನ ಬಾಲ್ಯದ ಗೆಳೆಯ. ಮೂವತ್ತೈದು ವರ್ಷ ಊರಿಗೆಲ್ಲ ಪಾರ್ಸೆಲ್ ಹಂಚಿದವನಿಗೇ, ನಿನ್ನ ಪಾರ್ಸೆಲ್ ತಡೆಹಿಡಿದಿದ್ದೇವೆ ಎಂದು ಫೋನಿನಲ್ಲಿ ಹೆದರಿಸಿ ಕಳ್ಳರು ಒಂದು ತಿಂಗಳ ಪಿಂಚಣಿ ಕಿತ್ತಿದ್ದರು. ಅಂದಿನಿಂದ ಮೋಸದ ವಿಷಯದಲ್ಲಿ ಅವನೇ ಆ ಬೀದಿಯ ಪಂಡಿತ.

"ಮೊದಲು ಸಣ್ಣ ದುಡ್ಡು ಹಾಕ್ತಾರೆ ಕಣೋ. ನೀನು ಹಲ್ಲು ಕಿಸೀತೀಯ. ಆಮೇಲೆ ಜಾಸ್ತಿ ಹಾಕ್ಬಿಟ್ವಿ, ವಾಪಸ್ ಕೊಡು ಅಂತಾರೆ. ಆಮೇಲೆ ನಿನ್ನ ಖಾತೆ ಗುಡಿಸಿ ಒರೆಸಿ ಹೋಗ್ತಾರೆ."

"ನನ್ನ ಖಾತೇಲಿ ಗುಡಿಸೋಕೆ ಏನೋ ಇದೆ?"

"ಖಾತೆ ಅಲ್ಲದಿದ್ರೆ ನಿನ್ನನ್ನೇ ಎತ್ಕೊಂಡು ಹೋಗ್ತಾರೆ. ಕಳ್ಳ ದುಡ್ಡು ನಿನ್ನ ಹೆಸರಲ್ಲಿ ದಾಟಿಸಿರ್ತಾರೆ. ಪೊಲೀಸು ಬರೋದು ಯಾರ ಮನೆಗೆ?"

ಈ ಮಾತು ನಾಟಿತು. ಮಗಳು ಜಾಣೆ. ಬ್ಯಾಂಕಿನಲ್ಲಿ ಹೊಸದೊಂದು ಖಾತೆ ತೆರೆಸಿ, ಮುಚ್ಚದಿರುವುದಕ್ಕೆ ಬೇಕಾದಷ್ಟೇ ದುಡ್ಡಿಟ್ಟು, ಆ ನಂಬರನ್ನು ಮಾತ್ರ ಕಳಿಸಿದಳು. ಗುಟ್ಟಿನ ಸಂಖ್ಯೆ ಯಾರು ಕೇಳಿದರೂ, ನಾನೇ ಫೋನ್ ಮಾಡಿ ಕೇಳಿದರೂ ಹೇಳಬೇಡ ಎಂದು ಅಪ್ಪನಿಂದ ಆಣೆ ಹಾಕಿಸಿದಳು. "ಹೇಳೋಕೆ ನನಗೆ ನೆನಪಿದ್ರೆ ತಾನೇ" ಎಂದ ಅವನು.

ಮೊದಲ ಕಮಿಷನ್ ಬಂದಾಗ ಬ್ಯಾಂಕಿನವರು ಫೋನ್ ಮಾಡಿ ಕರೆದರು. ಮಾಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಜೈಲಿಗೆ ಹೊರಟವನಂತೆ ಹೆಂಡತಿಯ ಮುಖ ಒಂದು ಸಲ ನೋಡಿ ಹೋದ. ಮೂರನೆಯ ಕೌಂಟರಿನಲ್ಲಿ ಕನ್ನಡಕದ ಹೆಂಗಸು ಒಂದು ಫಾರಂ ಮುಂದಿಟ್ಟಳು.

"ಹೊರದೇಶದಿಂದ ಹಣ ಬಂದಿದೆ ಮಾಮ. ಯಾವ ಬಾಬ್ತು ಅಂತ ಬರೀಬೇಕು. ಏನು ಕೆಲಸ ಮಾಡ್ತೀರಿ?"

"ಸ್ಟವ್ ರಿಪೇರಿ."

ಅವಳು ಪೆನ್ನು ಕೆಳಗಿಟ್ಟಳು. "ಪಂಪ್ ಸ್ಟವ್ವಾ? ಇನ್ನೂ ಇದೆಯಾ ಅದು? ನಮ್ಮಮ್ಮ ಅದರ ಮುಂದೆ ಕೂತು ನನಗೆ ಮಗ್ಗಿ ಹೇಳಿಸ್ತಿದ್ರು. ಸ್ಟವ್ ಸದ್ದಿಗಿಂತ ಜೋರಾಗಿ ಹೇಳಬೇಕಿತ್ತು. ಅದಕ್ಕೇ ಈಗ್ಲೂ ನಾನು ಮಾತಾಡಿದ್ರೆ ಬೈದ ಹಾಗೆ ಕೇಳಿಸುತ್ತೆ ಅಂತಾರೆ ಇಲ್ಲಿ." ಹಿಂದಿನ ಸಾಲಿನಲ್ಲಿ ನಿಂತಿದ್ದವರು ಗೊಣಗಿದರೂ ಅವಳು ಬಿಡಲಿಲ್ಲ. ಸ್ಟವ್ ಆರಿಸುವಾಗ ತಿರುಪು ಸಡಿಲಿಸಿದರೆ ಬರುತ್ತಿದ್ದ ಸುಯ್ ಎಂಬ ನಿಟ್ಟುಸಿರನ್ನು ಬಾಯಲ್ಲಿ ಮಾಡಿ ತೋರಿಸಿದಳು. ಮಾಮನಿಗೆ ಅವಳ ಮೇಲೆ ಪ್ರೀತಿಯೇ ಹುಟ್ಟಿತು. ಬಾಬ್ತಿನ ಜಾಗದಲ್ಲಿ ಅವಳೇ ಬ್ಯಾಂಕಿನ ಪಟ್ಟಿಯಿಂದ ಸರಿಯಾದ ಸಂಖ್ಯೆ ನೋಡಿ ತುಂಬಿ, ಸಹಿ ಹಾಕಿಸಿಕೊಂಡು ಕಳಿಸಿದಳು.

ಹೀಗೆ ಎರಡು ಸಲ ಬಂತು. ಹೆಂಚು ಬದಲಾಯಿತು. "ಸೀಮೆಎಣ್ಣೆ ಹೋಗಿ ಸೀಮೆದುಡ್ಡು ಬಂತು" ಎಂದು ಹೆಂಡತಿ ನಕ್ಕಳು. ಮಾಮ ನಗಲಿಲ್ಲ. ಅವನ ಭಯ ಪಕ್ಕಕ್ಕೆ ಸರಿದು ಬೇರೆ ಕಡೆ ಹೊಕ್ಕಿತ್ತು. ದುಡ್ಡು ನಿಜವೇ ಇರಬಹುದು, ಆದರೆ ಅವರು ಗಿರಾಕಿಗೆ ಕೊಡುತ್ತಿರುವುದು ಏನು? ಚರ್ಮವೋ ರೆಕ್ಸಿನ್ನೋ? ನನ್ನ ಮಾತು ಕೇಳಿ ಕೊಂಡವರ ಅಡುಗೆಮನೆಯಲ್ಲಿ ನಾನು ನೀರು ಕುದಿಸಿ ನೋಡಿಲ್ಲವಲ್ಲ. ಹಾಗೆ ನೋಡದೆ ಜೀವಮಾನದಲ್ಲಿ ಒಂದು ಕಾಸು ಮುಟ್ಟದವನು, ಈಗ ಎರಡು ಕಂತು ನುಂಗಿ ಹೆಂಚು ಹೊದಿಸಿ ಕೂತಿದ್ದೇನಲ್ಲ.

ಮಗಳಿಗೆ ಹೇಳಿದರೆ ಕಂಪನಿಯ ಮೇಲಷ್ಟೇ ಅಲ್ಲ, ನನ್ನ ಮೇಲೂ ಸಂಶಯವಾ ಎಂದಾಳು. ಅದಕ್ಕೆ ಪೋಸ್ಟಣ್ಣನನ್ನು ಹಿಡಿದ. ಒಂದು ಮಧ್ಯಾಹ್ನ ಇಬ್ಬರು ಮುದುಕರು ಪಾರ್ಕಿನ ಬೆಂಚಿನ ಮೇಲೆ ಒಂದು ಫೋನನ್ನು ನಡುವೆ ಇಟ್ಟುಕೊಂಡು, ಬಾಂಬ್ ಬಿಚ್ಚುವವರ ಹಾಗೆ ಬಗ್ಗಿ ಕೂತರು.

"ಅವರಂಗಡಿಗೆ ನೇರ ಹೋಗೋಣ" ಎಂದ ಪೋಸ್ಟಣ್ಣ.

"ಬೇಡ. ನನ್ನ ಪುಟದ ಲಿಂಕೇ ಒತ್ತು. ನನ್ನ ನಂಬಿದೋರು ಯಾವ ಬಾಗಿಲಿಂದ ಹೋಗ್ತಾರೋ ನಾನೂ ಅದೇ ಬಾಗಿಲಿಂದ ಹೋಗ್ಬೇಕು. ಇಲ್ದಿದ್ರೆ ಪರೀಕ್ಷೆ ಏನು ಬಂತು?"

"ಹೆಸರು, ವಿಳಾಸ?"

"ನಂದೇ ಹಾಕು. ಕದ್ದು ತರಿಸೋಕೆ ನಾನೇನು ಕಳ್ಳನಾ?"

"ಕಾರ್ಡು ನಂದು, ನೆನಪಿರಲಿ. ಏನಾದ್ರೂ ಆದ್ರೆ ನಿನ್ನ ಹೆಂಚು ಕಿತ್ಕೊಂಡು ಹೋಗ್ತೀನಿ." ಪೋಸ್ಟಣ್ಣ ಕಣ್ಣು ಮುಚ್ಚಿಕೊಂಡು ಗುಂಡಿ ಒತ್ತಿದ. ಎರಡು ವಾಷರ್, ಒಂದು ಕಟ್ಟು ಪಿನ್.

ಇಪ್ಪತ್ತನೆಯ ದಿನ ಪೊಟ್ಟಣ ಬಂತು. ಮಾಮ ಅದನ್ನು ಬಿಚ್ಚುವ ಮೊದಲೇ ಮಗಳು ಅಂಗಡಿಯಿಂದ ಒಂದು ಕಾಗದ ಹಿಡಿದು ಬಂದಳು. ಮುಖ ಕೆಂಪಾಗಿತ್ತು.

"ಅಪ್ಪಾ, ನಮ್ಮ ಲಿಂಕಿಂದಲೇ ನೀನು ಸಾಮಾನು ತರಿಸ್ದ್ಯಾ?"

"ಹೂಂ. ಪರೀಕ್ಷೆಗೆ."

"ಅಯ್ಯೋ ದೇವರೇ! ಅದು ಮಾಡಬಾರದು ಅಂತ ನಿಯಮ ಇದೆ. ತಾನೇ ಕೊಂಡು ತಾನೇ ಕಮಿಷನ್ ಹೊಡೆಯೋರು ಇರ್ತಾರೆ, ಅದಕ್ಕೆ. ನನ್ನನ್ನೊಂದು ಮಾತು ಕೇಳಬಾರದಿತ್ತಾ? ಕಂಪನಿಯವರು ನಮ್ಮ ಕಮಿಷನ್ ಖಾತೆ ತಡೆಹಿಡಿದಿದ್ದಾರೆ. ಈ ಸಲದ ದುಡ್ಡು ಬರಲ್ಲ. ಹದಿನಾಲ್ಕು ದಿನದಲ್ಲಿ ವಿವರಣೆ ಕೊಡದಿದ್ರೆ ವಂಚಕರು ಅಂತ ಪಟ್ಟಿಗೆ ಸೇರಿಸಿ ಮುಚ್ತಾರಂತೆ."

ಮಾಮ ದುಡ್ಡಿನ ಮಾತನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. "ವಂಚಕ ಅಂತಲೇ ಇದೆಯಾ? ಯಾವುದು ಆ ಪದ, ತೋರ್ಸು."

ಮಗಳು ಬೆರಳಿಟ್ಟು ತೋರಿಸಿದಳು. ಅವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಆದರೂ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಎದ್ದು ತಗಡಿನ ಪೆಟ್ಟಿಗೆ ತೆಗೆದು, ತಳದಲ್ಲಿದ್ದ ಮಾಸಿದ ಕಾಗದವೊಂದನ್ನು ಹೊರಗಿಟ್ಟ. ಕೋರ್ಟಿನ ಸಮನ್ಸು. ಮೂವತ್ತೆಂಟು ವರ್ಷ ಹಳೆಯದು.

ಆ ಕಥೆ ಮಗಳಿಗೂ ಗೊತ್ತು, ಬೀದಿಗೂ ಗೊತ್ತು. ನಾಲ್ಕು ಬೀದಿ ಆಚೆ ಹೊಸ ಸೊಸೆಯೊಬ್ಬಳು ಸುಟ್ಟು ಸತ್ತಳು. ಸ್ಟವ್ ಸಿಡಿಯಿತು ಎಂದರು ಗಂಡನ ಮನೆಯವರು. ಆ ಕಾಲದಲ್ಲಿ ಸ್ಟವ್‌ಗಳೆಲ್ಲ ಸೊಸೆಯರನ್ನೇ ಹುಡುಕಿ ಸಿಡಿಯುತ್ತಿದ್ದವು, ಅತ್ತೆಯರ ಮುಂದೆ ಮೊರೆಯುತ್ತಾ ಮೊರೆಯುತ್ತಾ ಮುದಿಯಾಗುತ್ತಿದ್ದವು. ಸ್ಟವ್ ತಳದಲ್ಲಿ ಮೂರು ಚುಕ್ಕೆ ಇತ್ತು. ಪೊಲೀಸರು ಮಾಮನನ್ನು ಕರೆಸಿ, ರಿಪೇರಿ ಸರಿಯಾಗಿರಲಿಲ್ಲ ಎಂದು ಒಂದು ಸಹಿ ಹಾಕು, ಸಣ್ಣ ದಂಡದಲ್ಲಿ ಮುಗಿಸುತ್ತೇವೆ ಎಂದರು. ಸತ್ತವಳ ಮಾವ ಒಂದು ಲಕೋಟೆ ತಂದು ಅವನ ಅಂಗಡಿಯ ಹಲಗೆಯ ಮೇಲಿಟ್ಟ. "ನಿನ್ನ ಕಮಿಷನ್ ಅಂದ್ಕೋ" ಎಂದ.

ಮಾಮ ಲಕೋಟೆ ಮುಟ್ಟಲಿಲ್ಲ, ಸ್ಟವ್ ಮುಟ್ಟಿದ. ಕೋರ್ಟಿನಲ್ಲಿ, ಎಲ್ಲರ ಎದುರಿಗೆ, ಬಿಚ್ಚಿದ್ದ ಮುಚ್ಚಳ ಹಾಕಿ ಅದನ್ನು ಪಂಪ್ ಹೊಡೆದು ತೋರಿಸಿದ. "ಸಿಡಿದಿದ್ರೆ ಗಾಳಿ ನಿಲ್ತಿರ್ಲಿಲ್ಲ ಸ್ವಾಮಿ. ನೋಡಿ, ನಿಂತಿದೆ. ಟ್ಯಾಂಕ್ ಎಲ್ಲೂ ಬಿರಿದಿಲ್ಲ. ಎಣ್ಣೆ ಹುಯ್ಯೋ ಬಾಯಿಯ ಮುಚ್ಚಳ ಮಾತ್ರ ತಿರುಗಿಸಿ ಬಿಚ್ಚಿದ್ದಾರೆ. ಸ್ಟವ್‌ಗೆ ಕೈ ಇರಲ್ಲ, ತನ್ನ ಮುಚ್ಚಳ ತಾನು ಬಿಚ್ಕೊಳ್ಳಲ್ಲ. ಎಣ್ಣೆ ಬಗ್ಗಿಸಿದ್ದು ಮನುಷ್ಯರು." ಅವತ್ತು ಕೋರ್ಟಿನ ಹೊರಗೆ ಖಾಲಿ ಸ್ಟವ್ ಹಿಡಿದ ಹೆಂಗಸರು ನಿಂತಿದ್ದರು. ಗಂಡನಿಗೆ, ಮಾವನಿಗೆ ಶಿಕ್ಷೆಯಾಯಿತು. ತೀರ್ಪು ಬರುವವರೆಗೆ ಎರಡು ವರ್ಷ ಅರ್ಧ ಊರು ಮಾಮನ ಅಂಗಡಿಗೆ ಕಾಲಿಡಲಿಲ್ಲ. ಹುಡುಗಿಯನ್ನು ಸುಟ್ಟ ಸ್ಟವ್‌ನವನು ಎಂದು ಬೆರಳು ತೋರಿಸಿದರು. ಆಗಲೂ ಅವನು ಬಾಗಿರಲಿಲ್ಲ. ಈಗ ಒಂದು ವಾಷರಿಗಾಗಿ ವಂಚಕ ಎಂದು ಪಟ್ಟಿ ಸೇರಬೇಕೇ?

"ವಿವರಣೆ ಬರೀತೀನಿ ಅಪ್ಪಾ, ಗೊತ್ತಿಲ್ದೆ ಆಯ್ತು, ಕ್ಷಮಿಸಿ ಅಂತ."

"ಕ್ಷಮಿಸಿ ಯಾಕೆ? ಫೋನ್ ಹಿಡಿ. ಪರೀಕ್ಷೆಗೆ ತರಿಸಿದ್ದು, ಪರೀಕ್ಷೆ ಮಾಡಿ ತೋರಿಸ್ತೀನಿ."

ಅಟ್ಟದಿಂದ ಹೆಂಡತಿಯ ಹಳೆ ಸ್ಟವ್ ಇಳಿಯಿತು. ಗ್ಯಾಸ್ ಬಂದಾಗ ಅದೊಂದನ್ನು ಮಾತ್ರ ಅವಳು ಗುಜರಿಗೆ ಕೊಟ್ಟಿರಲಿಲ್ಲ. ವಾಷರನ್ನು ಮಾಮ ಮೂಸಿದ, ಮಡಿಸಿದ, ಹಲ್ಲಿನಲ್ಲಿ ಕಚ್ಚಿದ. "ಅಸಲಿ ತೊಗಲು. ಸ್ವಲ್ಪ ದಪ್ಪ ಇದೆ. ಒಂದು ದಿನ ಎಣ್ಣೇಲಿ ನೆನೆಸ್ಬೇಕು, ಆಮೇಲೆ ಹೆಬ್ಬೆರಳಲ್ಲಿ ಬಟ್ಟಲು ಮಾಡ್ಬೇಕು. ಅದನ್ನ ಇವರು ಗಿರಾಕಿಗೆ ಹೇಳಿಲ್ಲ." ಮಾರನೆಯ ದಿನ ಬೆಳಿಗ್ಗೆ, ನೆನೆದ ವಾಷರ್ ಕೂರಿಸಿ, ಬರ್ನರ್ ಕಾಯಿಸಿ, ಪಂಪ್ ಹೊಡೆದ. ಚಕ್ ಚಕ್ ಚಕ್. ಭುಸ್. ಭರ್ರೋ.

ಆ ಸದ್ದಿಗೆ ಹೆಂಡತಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಳು. ಎದುರುಮನೆಯ ಕಿಟಕಿ ತೆರೆಯಿತು. ಹಾಸಿಗೆ ಹಿಡಿದಿದ್ದ ಟೀಚರಮ್ಮ ಎರಡು ಮನೆಯಾಚೆಯಿಂದ, "ಯಾರದು, ಯಾರ ಮನೇಲಿ ಹಚ್ಚಿದ್ದು?" ಎಂದು ಕೂಗಿದ್ದು ಕೇಳಿಸಿತು. ಮಾಮ ಇಟ್ಟ ಪಾತ್ರೆಯ ನೀರು ಕೊತಕೊತ ಕುದಿಯಿತು. ಮಗಳು ಫೋನ್ ಹಿಡಿದಲ್ಲೇ ಮೂಗು ಒರೆಸಿಕೊಂಡಳು. "ಹೊಗೆ" ಎಂದಳು. ಒಳ್ಳೆಯ ಸ್ಟವ್‌ಗೆ ಹೊಗೆ ಇರುವುದಿಲ್ಲ ಎಂದು ಮಾಮ ಹೇಳಲು ಹೋಗಲಿಲ್ಲ.

ಆಮೇಲೆ ಪಿನ್. ಬೆಳ್ಳಿ ಕಾಗದ ಬಿಚ್ಚಿ ಹಳೆಯ ನಾಲ್ಕೆಳೆ ಕೂದಲನ್ನು ಕ್ಯಾಮೆರಾ ಮುಂದೆ ಹಿಡಿದ. ಇನ್ನೂ ಕಪ್ಪಗೆ ಮಿರುಗುತ್ತಿತ್ತು. ಅದರ ಪಕ್ಕ ಕಂಪನಿಯ ಪಿನ್ ಇಟ್ಟ. ನೋಡಿದರೇ ತಿಳಿಯುವಂತಿತ್ತು, ತಂತಿ ದಪ್ಪ. ಹಳೆ ನಿಪ್ಪಲ್ ಒಂದಕ್ಕೆ ಆ ಪಿನ್ನನ್ನು ಹತ್ತು ಸಲ ಚುಚ್ಚಿ ತೆಗೆದು ಆಮೇಲೆ ಐದೆಳೆ ತೂರಿಸಿದ. ಸಲೀಸಾಗಿ ಹೋಯಿತು. ಆ ನಿಪ್ಪಲ್ ಹಾಕಿ ಹಚ್ಚಿದಾಗ ಹಳದಿ ಬೆಂಕಿ ಭಗ್ ಎಂದು ಎದ್ದು, ಹೆಂಡತಿ ಎರಡು ಹೆಜ್ಜೆ ಹಿಂದೆ ಹಾರಿದಳು.

"ಬರ್ಕೋ" ಎಂದ ಮಾಮ ಮಗಳಿಗೆ. "ಸ್ವಾಮಿ, ನಾನು ಕೈಯಲ್ಲಿ ಹಿಡಿದು ನೋಡದ ಸಾಮಾನಿಗೆ ಮಾತು ಕೊಡೋನಲ್ಲ. ಕೊಟ್ಟುಬಿಟ್ಟಿದ್ದೆ, ಅದು ತಪ್ಪು. ಅದಕ್ಕೆ ತರಿಸಿ ನೋಡಿದೆ. ವಾಷರ್ ಒಳ್ಳೇದು. ಪಿನ್ ಕೆಟ್ಟದ್ದು, ಯಾರದಾದ್ರೂ ಮುಖ ಸುಡುತ್ತೆ. ಪಿನ್ ಲಿಂಕು ನನ್ನ ಪುಟದಿಂದ ತೆಗೆದಿದ್ದೀನಿ, ಕೊಂಡೋರಿಗೆ ಬಳಸಬೇಡಿ ಅಂತ ಬರೆದಿದ್ದೀನಿ. ನಾನು ಕೊಂಡಿದ್ದರ ಕಮಿಷನ್ ಹಿಡ್ಕೊಳ್ಳಿ. ಮಿಕ್ಕಿದ್ದು ಕೊಟ್ರೆ ಕೊಡಿ, ಬಿಟ್ರೆ ಬಿಡಿ. ಆ ಪದ ಮಾತ್ರ ವಾಪಸ್ ತಗೊಳ್ಳಿ."

ಮಗಳು ಪೆನ್ನು ಎತ್ತಿದಳು. "ಅಪ್ಪಾ, ನಮ್ಮ ಪುಟದಲ್ಲಿ ಜಾಸ್ತಿ ಹೋಗೋದೇ ಪಿನ್ನು. ಅರ್ಧ ಕಮಿಷನ್ ಅದರದ್ದೇ."

"ರೆಕ್ಸಿನ್ ವಾಷರೂ ಜಾಸ್ತಿ ಹೋಗ್ತಿತ್ತು ಕಣಮ್ಮ. ಬರಿ."

ಹನ್ನೊಂದು ದಿನ ಉತ್ತರವಿಲ್ಲ. ಪೋಸ್ಟಣ್ಣ ದಿನಾ ಬಂದು, "ನನ್ನ ಕಾರ್ಡನ್ನೂ ಪಟ್ಟಿಗೆ ಸೇರಿಸಿರ್ತಾರಾ?" ಎಂದು ಕೇಳಿ ಹೋಗುತ್ತಿದ್ದ. ಮಾಮ ಸ್ಟೂಲಿನ ಮೇಲೆ ಕೂತು ಕಾಗದಗಳಿಗೆ ಪಿನ್ ಹೊಡೆಯುತ್ತಿದ್ದ. ಎರಡು ಸಲ ಹೆಬ್ಬೆರಳಿಗೇ ಹೊಡೆದುಕೊಂಡ. ಹನ್ನೆರಡನೆಯ ದಿನ ಮಧ್ಯಾಹ್ನ ಮಗಳು ಅಂಗಡಿಯಿಂದಲೇ ಕೂಗಿದಳು.

ಪತ್ರ ಚಿಕ್ಕದು, ಈ ಸಲ ಯಾರೋ ಮನುಷ್ಯರೇ ಕೂತು ಬರೆದದ್ದು. ಮಗಳು ನಿಧಾನವಾಗಿ ಕನ್ನಡ ಮಾಡಿ ಓದಿದಳು. "ವಿಡಿಯೋ ಎರಡು ಸಲ ನೋಡಿದೆ. ನೀವು ನಿಯಮ ಮುರಿದಿದ್ದೀರಿ, ಮೋಸ ಮಾಡಿಲ್ಲ. ವಂಚನೆ ಎಂಬ ಮಾತನ್ನು ನಿಮ್ಮ ಖಾತೆಯಿಂದ ಅಳಿಸಿದ್ದೇನೆ. ನ್ಯಾಯವಾದ ಕಮಿಷನ್ ಮುಂದಿನ ವಾರ ಬರುತ್ತದೆ, ನಿಮ್ಮ ಖರೀದಿಯದ್ದು ಕಡಿತವಾಗುತ್ತದೆ. ಪಿನ್ನಿನ ಮಾರಾಟ ಸದ್ಯ ನಿಲ್ಲಿಸಿದ್ದೇವೆ. ತಂತಿ ಎಷ್ಟು ದಪ್ಪ ಇರಬೇಕು ಎಂದು ದಯವಿಟ್ಟು ತಿಳಿಸಿ."

"ಇನ್ನೊಂದ್ಸಲ ಓದು" ಎಂದ ಮಾಮ.

"ಪೂರ್ತಿನಾ?"

"ಮೊದಲಿನ ಎರಡು ಸಾಲು ಸಾಕು."

ಅವಳು ಓದಿದಳು. ಅವನು ತಲೆದೂಗಿದ. "ನಿಯಮ ಮುರಿದಿದ್ದು ನಿಜ. ಅದಕ್ಕೇನು, ಕಚೇರಿ ಮೆಟ್ಟಿಲ ಮೇಲೂ ಮುರಿದಿದ್ವಿ." ಆ ಪತ್ರದ ಒಂದು ಜೆರಾಕ್ಸ್ ತೆಗೆಸಿ, ಮಗಳು ಬೇಡವೆಂದರೂ ಅದಕ್ಕೆ ದುಡ್ಡು ಕೊಟ್ಟು, ಮನೆಗೆ ಹೋಗಿ ಸಮನ್ಸಿನ ಮೇಲಿಟ್ಟ. ಬೆಳ್ಳಿ ಕಾಗದದ ಪೊಟ್ಟಣವನ್ನು ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ನೋಡಿ, ಮತ್ತೆ ಅಲ್ಲೇ ಇಟ್ಟು ಪೆಟ್ಟಿಗೆ ಮುಚ್ಚಿದ. ಅಂಗಳದಲ್ಲಿ ಹೆಂಡತಿ ಬಿಸಿಲಿಗೆ ಬೆನ್ನು ಕೊಟ್ಟು ತಲೆ ಬಾಚಿಕೊಳ್ಳುತ್ತಿದ್ದಳು.

"ಲೇ, ನಾಲ್ಕು ಕೂದಲು ಕೊಡೇ. ಕಡಲಾಚೆಗೆ ಅಳತೆ ಕಳಿಸ್ಬೇಕಂತೆ."

"ಪೆಟ್ಟಿಗೇಲಿ ಇದೆಯಲ್ಲ ಕಪ್ಪಂದು."

"ಅದು ಕೊಡಲ್ಲ."

ಅವಳು ಬಾಚಣಿಗೆಯನ್ನು ಬೆಳಕಿಗೆ ಹಿಡಿದು ಒಂದೊಂದೇ ಬಿಳಿ ಎಳೆ ಬಿಡಿಸಿದಳು. ಬೆರಳ ನಡುವೆ ಇಟ್ಟು ತಿಕ್ಕಿ ನೋಡಿದಳು. "ಈಗ ನಾಲ್ಕಕ್ಕೆ ಆ ದಪ್ಪ ಬರಲ್ಲ ರೀ. ಐದು ಬೇಕು." ಐದನೆಯದನ್ನೂ ಸೇರಿಸಿ ಅವನ ಅಂಗೈಗೆ ಹಾಕುವ ಮೊದಲು ಕೈ ಹಿಂದಕ್ಕೆ ತೆಗೆದುಕೊಂಡಳು.

"ಅಲ್ಲಾ, ನನಗೆ ನೂರಕ್ಕೆ ಎಷ್ಟು ಕಮಿಷನ್ನು?"